ಪುರೋಹಿತರಿಲ್ಲದ ಮದುವೆ: ಕಾನೂನು, ತೋಟದ ಪಾಲು ಮತ್ತು ಹಿರಿಯರ ಜಾಗ

ಪ್ರಶ್ನೆ (ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರು):
ಮಾನ್ಯರೇ, ನಮ್ಮ ಮಗಳು ಮತ್ತು ಅವಳು ಮೆಚ್ಚಿದ ಹುಡುಗ ಹೋಮ, ಮುಹೂರ್ತ, ಪುರೋಹಿತರು ಯಾವುದೂ ಇಲ್ಲದೆ ನಮ್ಮ ಮನೆಯ ಅಂಗಳದಲ್ಲೇ ಮದುವೆಯಾಗಲು ತೀರ್ಮಾನಿಸಿದ್ದಾರೆ. ಇಬ್ಬರೂ ಹಿಂದೂಗಳೇ, ಜಾತಿ ಬೇರೆ. ನೀವು ಇಂಥ ಸಮಾರಂಭಗಳನ್ನು ನಡೆಸಿಕೊಡುವವರೆಂದು ಕೇಳುತ್ತಿದ್ದೇನೆ: ಇದು ಕಾನೂನಿನಲ್ಲಿ ನಿಲ್ಲುತ್ತದೆಯೇ? ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಮಗಳು ಹೊರಗಾಗುತ್ತಾಳೆ, ತೋಟದ ಪಾಲಿಗೆ ತಕರಾರು ಬರುತ್ತದೆ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಎಂಬತ್ತು ದಾಟಿದ ನನ್ನ ತಾಯಿಯಂತೂ "ಅಗ್ನಿಸಾಕ್ಷಿ ಇಲ್ಲದೆ ಅದೆಂತ ಮದುವೆ" ಎಂದು ಮಾತು ಬಿಟ್ಟಿದ್ದಾರೆ.

ಉತ್ತರ:
ನಮಸ್ಕಾರ. ಮೊದಲು ಕಾನೂನಿನ ಮಾತು ಮುಗಿಸೋಣ. ಆಸ್ಟ್ರೇಲಿಯಾದಲ್ಲಿ 1973ರಿಂದ ಸರ್ಕಾರವೇ ಧರ್ಮಾತೀತ ವಿವಾಹಗಳನ್ನು ನಡೆಸಿಕೊಡುವ ಸೆಲೆಬ್ರೆಂಟ್‌ಗಳನ್ನು ನೇಮಿಸುತ್ತ ಬಂದಿದೆ. ಸ್ಕಾಟ್ಲೆಂಡಿನಲ್ಲಿ 2005ರಿಂದ ಮಾನವತಾವಾದಿಗಳು ನಡೆಸುವ ಮದುವೆಗೂ ಮಾನ್ಯತೆಯಿದೆ. ನಮ್ಮಲ್ಲಿ ಅಂಥ ಅಧಿಕಾರ ನನ್ನಂಥವರಿಗಿಲ್ಲ. ನಾನು ಸಹಿ ಹಾಕಿದ ಕಾಗದಕ್ಕೆ ಕವಡೆ ಕಿಮ್ಮತ್ತೂ ಇಲ್ಲ. ಆದ್ದರಿಂದ ನೀವು ಎರಡು ಕೆಲಸಗಳನ್ನು ಮಾಡಬೇಕು: ವಿವಾಹಾಧಿಕಾರಿಗಳ ಮುಂದೆ ಕಾನೂನಿನ ಮದುವೆ, ಅಂಗಳದಲ್ಲಿ ಊರಿನವರ ಮುಂದೆ ಸಮಾರಂಭ.

1954ರ ವಿಶೇಷ ವಿವಾಹ ಕಾಯ್ದೆಯಂತೆ ವಧೂವರರಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಆಕ್ಷೇಪಣೆಗೆಂದು 30 ದಿನ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸದಾಗಿ ಕೊಡಬೇಕು. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಪರಸ್ಪರರನ್ನು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸುವುದಾಗಿ ತಮಗೆ ತಿಳಿಯುವ ಭಾಷೆಯಲ್ಲಿ ಹೇಳಿದರೆ ಸಾಕು; ಕನ್ನಡದಲ್ಲೇ ಹೇಳಬಹುದು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವುದರಿಂದ, ಮನೆಯಲ್ಲಿ ವಿರೋಧವಿರುವ ಜೋಡಿಗಳಿಗೆ ಈ ಒಂದು ತಿಂಗಳು ಕಷ್ಟದ್ದು. ನಿಮ್ಮ ಮನೆಯಲ್ಲಿ ಆ ಭಯವಿಲ್ಲ.

ತೋಟದ ವಿಷಯದಲ್ಲಿ ನೆಂಟರ ಮಾತಿಗೆ ಹಳೆಯ ಆಧಾರವೊಂದಿದೆ, ಆದರೆ ಅದು ನಿಮಗೆ ಅನ್ವಯಿಸುವುದಿಲ್ಲ. ಈ ಕಾಯ್ದೆಯ 19ನೇ ಕಲಮು ಹೀಗೆ ಮದುವೆಯಾದವರು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟರೆಂದು ಭಾವಿಸುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ 21ಎ ಕಲಮಿನ ಪ್ರಕಾರ, ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಆ ನಿಯಮ ತಗಲುವುದಿಲ್ಲ. ಉತ್ತರಾಧಿಕಾರವೂ ಹಿಂದೂ ಕಾನೂನಿನಂತೆಯೇ ಮುಂದುವರಿಯುತ್ತದೆ. ಅಂತರ್ಧರ್ಮೀಯ ಮದುವೆಯಾಗಿದ್ದರೆ ಮಾತ್ರ ವಕೀಲರನ್ನು ಕಾಣಿರೆಂದು ಹೇಳುತ್ತಿದ್ದೆ.

ಇನ್ನು ನಿಮ್ಮ ತಾಯಿಯವರು. ಅವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಬಹಳಷ್ಟು ಹಿರಿಯರಿಗೆ ಮಂತ್ರ ತಪ್ಪಿದ್ದಕ್ಕಿಂತ, ಆ ದಿನ ತಾವು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂಬುದೇ ತಿಳಿಯದಾಗುವುದು ಹೆಚ್ಚು ನೋವು ಕೊಡುತ್ತದೆ. ನಮ್ಮ ಮಲೆನಾಡಿನ ಮದುವೆಯಲ್ಲಿ ಪುರೋಹಿತರಿಗೆ ಸಂಬಂಧವೇ ಇಲ್ಲದ ಭಾಗ ದೊಡ್ಡದಿದೆ. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟು, ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆ ಚಿತ್ತಾರ, ಮದುಮಕ್ಕಳನ್ನು ಹಸೆಗೆ ಕರೆಯುವ ಹಾಡು, ಚಪ್ಪರ ಕಟ್ಟಲು ಕೇರಿಯವರೆಲ್ಲ ಸೇರುವುದು, ಇವೆಲ್ಲ ಮನೆಯವರದೇ ಕೆಲಸ. ನಿಮ್ಮ ತಾಯಿಗೆ ಹಾಡು ಬರುತ್ತಿದ್ದರೆ ಹಸೆಗೆ ಕರೆಯುವ ಕೆಲಸ ಅವರದಾಗಲಿ. ಅವರಿಗೆ ದೀಪ ಹಚ್ಚಬೇಕೆನಿಸಿದರೆ ಹಚ್ಚಲಿ. ಧರ್ಮನಿರಪೇಕ್ಷ ಎಂದಾಕ್ಷಣ ದೀಪವನ್ನೂ ಅಂಗಳದಿಂದಾಚೆ ಇಡಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಅದೂ ಒಂದು ಬಗೆಯ ಮಡಿಯೇ.

ನಡೆಸಿಕೊಡುವವರು ಮುಖ್ಯವಾಗಿ ನೋಡಿಕೊಳ್ಳಬೇಕಾದ ಒಂದು ಸಂಗತಿಯಿದೆ. ಸಂಪ್ರದಾಯದ ಮದುವೆಯಲ್ಲಿ ಗಟ್ಟಿಮೇಳ ಕೇಳಿದೊಡನೆ ಹರಟೆ ಹೊಡೆಯುತ್ತಿದ್ದವರೂ ಎದ್ದು ಅಕ್ಷತೆ ಹಾಕುತ್ತಾರೆ. ಗಟ್ಟಿಮೇಳವಿಲ್ಲದ ಕಡೆ ಮದುವೆ ಯಾವಾಗ ಆಯಿತೆಂದೇ ಜನರಿಗೆ ತಿಳಿಯದೆ, ಪ್ರತಿಜ್ಞೆ ಓದುತ್ತಿರುವಾಗಲೇ ಅರ್ಧ ಜನ ಊಟದ ಪಂಕ್ತಿಗೆ ಹೋಗಿರುತ್ತಾರೆ. ಹಾಗಾಗಿ ಒಂದೇ ಒಂದು ಕ್ಷಣವನ್ನು ಎಲ್ಲರಿಗೂ ಕಾಣುವಂತೆ ರೂಪಿಸಬೇಕು: ಇಬ್ಬರೂ ಎದ್ದು ನಿಂತು ತಮ್ಮ ಮಾತು ಹೇಳುವುದು, ಹಾರ ಬದಲಾಯಿಸುವುದು, ತಕ್ಷಣ ವಾಲಗ. ಪ್ರತಿಜ್ಞೆಯನ್ನು ಅವರೇ ಬರೆಯಲಿ, ಒಂದು ಪುಟ ಮೀರದಿರಲಿ. ಒಳ್ಳೆಯ ಮೈಕ್ ಇರಲಿ.

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು):
ಇಷ್ಟೆಲ್ಲ ಏಕೆ ಸಾರ್? ಕುವೆಂಪು ಅವರ ಮಂತ್ರಮಾಂಗಲ್ಯ ನಮ್ಮ ತಾಲ್ಲೂಕಿನದೇ ಅಲ್ಲವೇ? ಅದರಂತೆ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಸಾಲದೇ?

ಉತ್ತರ:
ಖಂಡಿತ ಒಳ್ಳೆಯ ದಾರಿ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ನಡೆಯಿತು, ಆ ಬಳಿಕ ನಾಡಿನಾದ್ಯಂತ ಸಾವಿರಾರು ಜನ ಅದನ್ನು ಅನುಸರಿಸಿದ್ದಾರೆ. ಆದರೆ ಅದರಲ್ಲಿ ವೇದೋಪನಿಷತ್ತುಗಳಿಂದ ಆಯ್ದ ಮಂತ್ರಗಳಿವೆ. ಅದು ಆಡಂಬರವನ್ನೂ ಪೌರೋಹಿತ್ಯವನ್ನೂ ಬಿಟ್ಟಿದೆಯೇ ಹೊರತು ಅಧ್ಯಾತ್ಮವನ್ನು ಬಿಟ್ಟಿಲ್ಲ. ಅದು ಬೇಕೋ ಬೇಡವೋ ಎಂಬುದನ್ನು ಜೋಡಿಯೇ ಹೇಳಬೇಕು. ನೋಂದಣಿಯ ಬಗ್ಗೆ ಎಚ್ಚರಿಕೆಯೊಂದಿದೆ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಕೇಳುತ್ತದೆ. ಅಗತ್ಯ ವಿಧಿಗಳು ನಡೆಯದಿದ್ದರೆ ಬರೀ ಪ್ರಮಾಣಪತ್ರದಿಂದ ಮದುವೆಯಾಗದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನ ಮದುವೆಗಳಿಗಾಗಿ 7ಎ ಎಂಬ ಪ್ರತ್ಯೇಕ ಕಲಮಿದೆ, ಕರ್ನಾಟಕದಲ್ಲಿಲ್ಲ. ಆದ್ದರಿಂದ ಯಾವ ವಿಧಿಯೂ ಬೇಡ ಎನ್ನುವವರಿಗೆ ನಾನು ವಿಶೇಷ ವಿವಾಹ ಕಾಯ್ದೆಯನ್ನೇ ಸೂಚಿಸುತ್ತೇನೆ.

ಪ್ರಶ್ನೆ (ಭದ್ರಾವತಿಯ ಸದಸ್ಯರು):
ನಮ್ಮ ತಂದೆ ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕು, ಉತ್ತರಕ್ರಿಯೆ ಕೂಡದು ಎಂದು ಬರೆದಿಟ್ಟಿದ್ದಾರೆ. ಆಗ ವಿದಾಯವೆಂದು ಏನು ಮಾಡಬಹುದು?

ಉತ್ತರ:
ಬರೆದಿಟ್ಟರೆ ಸಾಲದು, ಆ ಹೊತ್ತಿನಲ್ಲಿ ಹತ್ತಿರದವರೆಲ್ಲ ಒಪ್ಪಿರಬೇಕು, ಆದ್ದರಿಂದ ಈಗಲೇ ಅಣ್ಣತಮ್ಮಂದಿರ ಜೊತೆ ಮಾತಾಡಿ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಡುವುದಿದ್ದರೆ ಆರು ಗಂಟೆಯೊಳಗೆ ಆಗಬೇಕು. ಮರಣದ ನೋಂದಣಿಗೆ 21 ದಿನಗಳ ಕಾಲಾವಕಾಶವಿದೆ. ಈ ಅವಸರದಲ್ಲಿ ವಾಹನ ಬಂದು ಹೋದ ಮೇಲೆ, ಮನೆಯವರಿಗೆ ತಾವು ಬೀಳ್ಕೊಡಲೇ ಇಲ್ಲವೆಂಬ ಕೊರಗು ಉಳಿಯುತ್ತದೆ. ವಾಹನ ಹೊರಡುವ ಮುನ್ನ ಕಾಲು ಗಂಟೆಯನ್ನು ಬಿಗಿಯಾಗಿ ಕಾದಿಟ್ಟುಕೊಳ್ಳಿ: ಮನೆಯವರೊಬ್ಬರು ಅವರ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಲಿ, ಅವರು ಬರೆದಿಟ್ಟ ಕಾಗದವನ್ನು ಗಟ್ಟಿಯಾಗಿ ಓದಲಿ, ಬಂದವರೆಲ್ಲ ಸಾಲಾಗಿ ಹೂವಿಡಲಿ. ದೂರದ ನೆಂಟರಿಗಾಗಿ ನುಡಿನಮನದ ಸಭೆಯನ್ನು ಹನ್ನೊಂದನೆಯ ದಿನಕ್ಕೇ ಇಡಬೇಕೆಂದಿಲ್ಲ, ಎಲ್ಲರೂ ಬರಬಹುದಾದ ಭಾನುವಾರವೊಂದನ್ನು ನೋಡಿಕೊಳ್ಳಿ.