ಲಿಫ್ಟ್ ಮಾಡಿದ ಪಿಕಪ್‌ಗೆ 33 ಇಂಚಿನ ಟೈರ್ ಸಾಕಾ, 35ಕ್ಕೇ ಹೋಗ್ಲಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಪಿಕಪ್‌ಗೆ ಎರಡೂವರೆ ಇಂಚು ಲಿಫ್ಟ್ ಹಾಕ್ಸಿದೀನಿ (ಅಂದ್ರೆ ಸಸ್ಪೆನ್ಷನ್ ಎತ್ತರ ಮಾಡಿಸಿದೀನಿ), ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಈಗಿರೋದು ಕಂಪ್ನಿ ಟೈರ್ ಸೈಜ್ 265/70 ಆರ್17, ಅಂದ್ರೆ ಸುಮಾರು 31.6 ಇಂಚು. ಲಿಫ್ಟ್ ಆದ್ಮೇಲೆ ಗಾಡಿ ಹೈ ಹೀಲ್ಸ್ ಹಾಕ್ಕೊಂಡಂಗೆ ಕಾಣ್ತಿದೆ ಮಾರಾಯ್ರೆ, ಆದ್ರೆ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರ್ ಗುಂಡು) ಮಾತ್ರ ಮೊದ್ಲಿದ್ದ ಎತ್ತರದಲ್ಲೇ ಕಲ್ಲಿಗೆ ಬಡೀತಿದೆ, ಅದನ್ನ ಎತ್ತೋಕೆ ಟೈರೇ ದೊಡ್ದು ಮಾಡ್ಬೇಕಲ್ವಾ.

285/70 ಆರ್17 ಹಾಕಿದ್ರೆ 32.7 ಇಂಚು ಆಗತ್ತೆ (ಇದನ್ನೇ 33 ಅನ್ನೋದು), ಡಿಫ್ ಕೆಳಗೆ ಸಿಗೋದು ಬರೀ ಅರ್ಧ ಇಂಚು, ಸ್ಪೀಡೋಮೀಟರ್ 100 ತೋರಿಸ್ವಾಗ ನಿಜವಾಗ್ಲೂ 103 ಮೇಲೆ ಓಡ್ತಿರತ್ತೆ, ಅದು ಓಕೆ. 35 ಅಂದ್ರೆ ವ್ಯತ್ಯಾಸ ಹತ್ತಿರತ್ರ ಶೇ. 11, ಗೇರ್ ರೇಶಿಯೋ 3.73 ಇರೋದ್ರಿಂದ ಏರು ರಸ್ತೇಲಿ ಇಂಜಿನ್‌ಗೆ ಉಸಿರು ಕಟ್ಟತ್ತೇನೋ ಅಂತ ಭಯ, ಜೊತೆಗೆ ಸ್ಪೇರ್ ಟೈರ್ ಕೆಳಗಡೆ ಹಿಡಿಸತ್ತಾ ಅನ್ನೋದು ಬೇರೆ.

ನಂಗೆ ಮುಖ್ಯವಾಗಿ ಬೇಕಿರೋದು ಟೈರ್ ಉಜ್ಜೋ ವಿಷಯ. ಸ್ಟಾಕ್ ವೀಲ್ ಇಟ್ಕೊಂಡ್ರೆ ಅಗಲದ ಟೈರ್ ಒಳಗಡೆ ಅಪ್ಪರ್ ಕಂಟ್ರೋಲ್ ಆರ್ಮ್‌ಗೆ (ಸಸ್ಪೆನ್ಷನ್‌ನ ಮೇಲಿನ ತೋಳಿಗೆ) ತಾಗತ್ತೆ, ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಕೂರತ್ತೆ ಅನ್ನೋ ಅಳತೆ) ಕಮ್ಮಿ ಇರೋ ವೀಲ್ ಹಾಕಿದ್ರೆ ಹೊರಗೆ ಬಂದು ಫುಲ್ ಲಾಕ್ ತಿರುಗಿಸ್ವಾಗ ಬಂಪರ್ ಮೂಲೆಗೆ, ಮಡ್‌ಫ್ಲಾಪ್‌ಗೆ. ಎರಡೂವರೆ ಇಂಚು ಲಿಫ್ಟಲ್ಲಿ 35 ಓಡಿಸ್ತಿರೋರು ಬಂಪರ್ ಎಷ್ಟು ಕಟ್ ಮಾಡಿದ್ರಿ, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚೆಕ್ ಮಾಡಿದ್ರಾ ಇಲ್ಲ ಬರೀ ಪಾರ್ಕಿಂಗಲ್ಲಾ?

ಇನ್ನೊಂದು, ಹೆಚ್ಚು ಓಡೋದು ಡಾಂಬರ್ ಮೇಲೇ, ಅದಕ್ಕೆ ಕೆಸರಿನ ಮಡ್ ಟೆರೇನ್ ಟೈರ್ ಬೇಡ (ಆ ಗುಂಯ್ ಸೌಂಡು ತಡಿಯೋಕಾಗಲ್ಲ), ಆಲ್ ಟೆರೇನೇ. ಆದ್ರೆ ಲೋಡ್ ರೇಂಜ್ ಇ (ಹೆಚ್ಚು ಭಾರ ಹೊರೋ ಗಟ್ಟಿ ಟೈರ್) ತಗೊಳ್ಳೋದಾ? ಭಾರ ಜಾಸ್ತಿ, ಖಾಲಿ ಗಾಡೀಲಿ ಕುಣಿಯತ್ತೆ ಅಂತಾರೆ, ನಾನು ಹಿಂದೆ ಅಷ್ಟೇನೂ ಲೋಡ್ ಹಾಕಲ್ಲ. ಫೋಟೋ ಇದ್ರೆ ವೀಲ್ ಆಫ್‌ಸೆಟ್ ಸಮೇತ ಹಾಕಿ ಪ್ಲೀಸ್.