ವೈಡಲ್ ಪಾಸಿಟಿವ್ ಬಂದರೆ ಟೈಫಾಯ್ಡೇ ಅಂತ ಗಟ್ಟಿಯಾಗಿ ಹೇಳಬಹುದಾ?

ಪ್ರಶ್ನೆ: ಕೆಂಗೇರಿ ಉಪನಗರದವಳು

ಅಮ್ಮನಿಗೆ 58 ವರ್ಷ. ಶುಗರ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ರಾಗಿ ಕೊಯ್ಲು ಅಂತ ಚಿಂತಾಮಣಿ ಕಡೆ ನಮ್ಮೂರಿಗೆ ಹೋಗಿದ್ದರು. ವಾಪಸ್ ಬಂದ ಮೇಲೆ ಜ್ವರ ಹಿಡಿಯಿತು, ಇವತ್ತಿಗೆ ಏಳನೇ ದಿನ. ಸಂಜೆ ಆಯ್ತು ಅಂದ್ರೆ 103ಕ್ಕೆ ಏರುತ್ತೆ, ಡೋಲೋ ಕೊಟ್ಟರೆ ಬೆವರಿ ಇಳಿಯುತ್ತೆ, ರಾತ್ರಿ ಮತ್ತೆ ಚಳಿ, ನಡುಕ. ತಲೆನೋವು ಅಂತ ಕಣ್ಣೇ ಬಿಡಲ್ಲ.

ಮೂರನೇ ದಿನ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ವೈಡಲ್ ಅಂತ ಟೈಫಾಯ್ಡ್‌ನ ರಕ್ತ ಪರೀಕ್ಷೆ ಮಾಡಿಸಿದ್ರು. ‘ಓ’ 1:160, ‘ಎಚ್’ 1:160, ಕೆಳಗೆ ಪಾಸಿಟಿವ್ ಅಂತ ಸೀಲು. ಟೈಫಾಯ್ಡ್ ಅಂದ್ರು, ಸೆಫಿಕ್ಸಿಮ್ ಕೊಟ್ಟರು. ಜ್ವರ ಬಿಡಲಿಲ್ಲ. ನಿನ್ನೆ ನರ್ಸಿಂಗ್ ಹೋಂಗೆ ಸೇರಿಸಿದ್ವಿ, ಸೆಫ್‌ಟ್ರಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದ್ದಾರೆ. ಪ್ಲೇಟ್‌ಲೆಟ್ 92,000, ಲಿವರ್ ಟೆಸ್ಟಲ್ಲಿ ಎಸ್‌ಜಿಒಟಿ 148, ಜಾಸ್ತಿ ಅಂದ್ರು. ಡೆಂಗಿ ಎನ್‌ಎಸ್1 ನಿನ್ನೆ ಮಾಡಿದ್ದು, ನೆಗೆಟಿವ್.

ಇವತ್ತು ಬೆಳಿಗ್ಗೆ ರೌಂಡ್ಸಿಗೆ ಬೇರೆ ಫಿಸಿಷಿಯನ್ ಬಂದಿದ್ರು. ಬ್ಲಡ್ ಕಲ್ಚರ್, ಸ್ಕ್ರಬ್ ಟೈಫಸ್ ಐಜಿಎಂ, ಡೆಂಗಿ ಐಜಿಎಂ ಬರೆದು ಹೋದ್ರು. ಅಣ್ಣ ಸಿಟ್ಟಾಗಿದ್ದಾನೆ. ‘ಟೈಫಾಯ್ಡ್ ಅಂತ ಗೊತ್ತಾದ ಮೇಲೆ ಮತ್ಯಾಕೆ ಟೆಸ್ಟು, ದುಡ್ಡು ಕೀಳೋಕೆ’ ಅಂತಾನೆ. ಮಾಡಿಸೋದಾ ಬೇಡವಾ? ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ: ವಿಜಯನಗರ ಮಾರೇನಹಳ್ಳಿ

ನಮ್ಮ ಅತ್ತಿಗೆಗೂ ಹೋದ ವರ್ಷ ಹೀಗೇ ಆಗಿತ್ತು. ಟೈಫಾಯ್ಡ್ ಜ್ವರ ಇಂಜೆಕ್ಷನ್ ಹಾಕಿದ ತಕ್ಷಣ ಬಿಡಲ್ಲ ಸಿಸ್ಟರ್, ನಾಲ್ಕೈದು ದಿನ ತಗೊಳ್ಳುತ್ತೆ. ಗಂಜಿ, ಎಳನೀರು ಕೊಡ್ತಾ ಇರಿ. ಗಾಬರಿ ಬೇಡ.

ಉತ್ತರ: ಕಲ್ಚರ್ ಬಾಟಲಿ

ಮಾಡಿಸಿ. ಮೂರೂ ಮಾಡಿಸಿ, ಇವತ್ತೇ. ಬರೆದ ಡಾಕ್ಟರು ಸರಿಯಾಗಿ ಯೋಚನೆ ಮಾಡಿದ್ದಾರೆ.

ನಾನು ಇಲ್ಲೇ ಬೆಂಗಳೂರಿನ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ, ಔಷಧಿ ವಿಷಯ ನಿಮ್ಮ ಫಿಸಿಷಿಯನ್ನೇ ಹೇಳಬೇಕು. ಆದರೆ ಯಾವ ಟೆಸ್ಟು ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ನನ್ನ ದಿನನಿತ್ಯದ ಕೆಲಸ. ವೈಡಲ್ ಒಂದನ್ನೇ ನಂಬಿ ಜ್ವರಕ್ಕೆ ಹೆಸರಿಡೋದು ನೋಡಿದಾಗ ನನಗೆ ನಿಜವಾಗಲೂ ಸಂಕಟ ಆಗುತ್ತೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ವೈಡಲ್ 1896ರ ಟೆಸ್ಟು. ಅದು ರೋಗಾಣುವನ್ನ ಹುಡುಕಲ್ಲ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿ ಇದೆಯಾ, ಎಷ್ಟಿದೆ ಅಂತ ಮಾತ್ರ ನೋಡುತ್ತೆ. ಟೈಫಾಯ್ಡ್ ಓಡಾಡೋ ನಮ್ಮಂಥ ಜಾಗದಲ್ಲಿ ಟ್ಯಾಂಕರ್ ನೀರು, ಸಂಪಿನ ನೀರು ಕುಡಿದು ಬೆಳೆದವರ ರಕ್ತದಲ್ಲಿ ಹಳೇ ಆಂಟಿಬಾಡಿ ಒಂದಿಷ್ಟು ಉಳಿದೇ ಇರುತ್ತೆ, ಜ್ವರವೇ ಇಲ್ಲದವರಲ್ಲೂ. ಮಲೇರಿಯಾ, ಡೆಂಗಿ, ಬೇರೆ ಜಾತಿಯ ಸಾಲ್ಮೊನೆಲ್ಲಾ ಬಂದಾಗಲೂ ವೈಡಲ್ ಮೇಲೇಳಬಹುದು. ವಾರ ಹತ್ತು ದಿನ ಬಿಟ್ಟು ಎರಡನೇ ಸಲ ರಕ್ತ ತೆಗೆದು, ಮೊದಲಿಗಿಂತ ನಾಲ್ಕು ಪಟ್ಟು ಏರಿದ್ರೆ ಆಗ ಅದಕ್ಕೆ ತೂಕ. ಎರಡನೇ ಸಲ ಯಾರೂ ಮಾಡಿಸಲ್ಲ. ಇನ್ನೊಂದು ವಿಷಯ ಗಮನಿಸಿ: ನಿಜವಾದ ಟೈಫಾಯ್ಡ್‌ನಲ್ಲೂ ಮೊದಲ ವಾರ ಆಂಟಿಬಾಡಿ ಇನ್ನೂ ಸರಿಯಾಗಿ ಹುಟ್ಟಿರಲ್ಲ. ನಿಮ್ಮಮ್ಮನಿಗೆ ಮೂರನೇ ದಿನಕ್ಕೇ 1:160 ಬಂದಿದೆ, ಅಂದ್ರೆ ರಕ್ತದ ಸೀರಮ್ಮನ್ನ 160 ಪಟ್ಟು ತೆಳು ಮಾಡಿದ್ರೂ ಆಂಟಿಬಾಡಿ ಕಾಣಿಸಿದೆ. ಅದು ಈ ಜ್ವರದ್ದೇ ಅಂತ ನಂಬೋಕೆ ನನಗೆ ಕಷ್ಟ.

ಟೈಫಾಯ್ಡ್ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡೋದು ಬ್ಲಡ್ ಕಲ್ಚರ್, ಅಂದ್ರೆ ರಕ್ತವನ್ನ ಬಾಟಲಿಗೆ ಹಾಕಿ ಅದರಲ್ಲಿರೋ ಬ್ಯಾಕ್ಟೀರಿಯಾವನ್ನ ಬೆಳೆಸಿ ನೋಡೋದು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಬೇಕು, ಎರಡು ಬಾಟಲಿ ಆದ್ರೆ ಒಳ್ಳೇದು. ‘ಇಷ್ಟೊಂದು ರಕ್ತ ಯಾಕೆ ತೆಗೀತೀರಾ’ ಅಂತ ಮನೆಯವರು ಜಗಳ ಆಡ್ತಾರೆ, ಸಿಸ್ಟರ್ 3 ಎಂಎಲ್ ಹಾಕಿ ಕಳಿಸಿಬಿಡ್ತಾರೆ. ಟೈಫಾಯ್ಡ್‌ನಲ್ಲಿ ರಕ್ತದಲ್ಲಿರೋ ಬ್ಯಾಕ್ಟೀರಿಯಾ ತೀರಾ ಕಡಿಮೆ, ಒಂದು ಎಂಎಲ್‌ಗೆ ಒಂದು ಸಿಕ್ಕರೆ ಹೆಚ್ಚು ಅನ್ನೋ ಹಾಗೆ. ರಕ್ತ ಕಮ್ಮಿ ಆದ್ರೆ ರೋಗ ಇದ್ದರೂ ಬೆಳೆಯಲ್ಲ. ಬಾಟಲಿ ಮಷೀನಿನೊಳಗೆ 37 ಡಿಗ್ರಿಯಲ್ಲಿ ಕೂತಿರುತ್ತೆ. ನಮ್ಮ ಲ್ಯಾಬಿನ ಬಾಟಲಿಗೆ ತಳದಲ್ಲಿ ಒಂದು ಬಿಲ್ಲೆ ಇದೆ. ಬ್ಯಾಕ್ಟೀರಿಯಾ ಬೆಳೆದು ಕಾರ್ಬನ್ ಡೈ ಆಕ್ಸೈಡ್ ಬಿಟ್ಟ ಹಾಗೆ ಅದು ನೀಲಿಹಸಿರಿನಿಂದ ಹಳದಿಗೆ ತಿರುಗುತ್ತೆ, ಮಷೀನು ಕೂಗುತ್ತೆ. ಟೈಫಾಯ್ಡ್ ಆದ್ರೆ ಬಹಳ ಸಲ ಒಂದೆರಡು ದಿನದಲ್ಲೇ ಕೂಗುತ್ತೆ. ಆಮೇಲೆ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡ್ತೀವಿ. ಇದು ಮುಖ್ಯ, ಯಾಕಂದ್ರೆ ಹಿಂದೆ ಎಲ್ಲರೂ ಕೊಡ್ತಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ನಮ್ಮ ದೇಶದ ಟೈಫಾಯ್ಡ್ ಬ್ಯಾಕ್ಟೀರಿಯಾ ಈಗ ಹೆಚ್ಚಾಗಿ ಬಗ್ಗಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಸೆಫ್‌ಟ್ರಯಾಕ್ಸೋನ್‌ಗೂ ಬಗ್ಗದ ತಳಿ ಹಬ್ಬಿತು. ಕಲ್ಚರ್ ಮಾಡದೇ ಇದ್ರೆ ಇಂಥದ್ದು ಯಾರಿಗೂ ಗೊತ್ತಾಗಲ್ಲ.

ಕಲ್ಚರ್‌ಗೂ ಮಿತಿ ಇದೆ, ಮುಚ್ಚಿಡಲ್ಲ. ಟೈಫಾಯ್ಡ್ ಇರೋ 10 ಜನರಲ್ಲಿ ಸುಮಾರು 6 ಜನರಲ್ಲಿ ಮಾತ್ರ ಹಿಡಿಯುತ್ತೆ. ಆಂಟಿಬಯಾಟಿಕ್ ಶುರುವಾದ ಮೇಲೆ ಇನ್ನೂ ಕಡಿಮೆ. ಮೊದಲ ಡೋಸಿಗೆ ಮುಂಚೆ ತೆಗೆದಿದ್ರೆ ಚೆನ್ನಾಗಿತ್ತು. ಈಗಲೂ ತೆಗೆಸಿ, ಔಷಧಿಯನ್ನ ಹೀರಿಕೊಳ್ಳೋ ರೆಸಿನ್ ಇರೋ ಬಾಟಲಿಗಳು ಬಂದಿವೆ. ಒಂದು ಹನಿ ರಕ್ತದಲ್ಲಿ ಟೈಫಾಯ್ಡನ್ನ ಸರಿಯಾಗಿ ಹಿಡಿಯೋ ಟೆಸ್ಟಿಗಾಗಿ ಸಂಶೋಧನೆ ಜೋರಾಗಿ ನಡೀತಿದೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಎಚ್‌ಎಲ್‌ವೈಇ ಅನ್ನೋ ಪ್ರೋಟೀನಿನ ವಿರುದ್ಧದ ಐಜಿಎ ಆಂಟಿಬಾಡಿ ಅದರಲ್ಲಿ ಭರವಸೆ ಹುಟ್ಟಿಸಿದೆ. ಅಂಥದ್ದು ಮೂಲೆ ಮೂಲೆಯ ಕ್ಲಿನಿಕ್‌ಗೆ ಬರೋವರೆಗೂ ಬಾಟಲಿಯೇ ಗತಿ.

ಈಗ ಸ್ಕ್ರಬ್ ಟೈಫಸ್. ನಿಮ್ಮ ಪೋಸ್ಟಿನಲ್ಲಿ ನನ್ನ ಕಣ್ಣು ನಿಂತಿದ್ದು ‘ರಾಗಿ ಕೊಯ್ಲು’ ಅನ್ನೋ ಮಾತಿನ ಮೇಲೆ. ಹೊಲದ ಬದು, ಪೊದೆ, ಹುಲ್ಲಿನಲ್ಲಿರೋ ಒಂದು ಜಾತಿ ನುಸಿಯ ಮರಿ ಕಚ್ಚಿದ್ರೆ ಇದು ಬರುತ್ತೆ, ಮರಿ ಕಣ್ಣಿಗೆ ಕಾಣೋದೇ ಕಷ್ಟ. ರೋಗಾಣುವಿನ ಹೆಸರು ಓರಿಯೆಂಟಿಯಾ ಸುತ್ಸುಗಾಮುಶಿ. ಕಚ್ಚಿ ಒಂದರಿಂದ ಎರಡು ವಾರಕ್ಕೆ ಸಾಮಾನ್ಯವಾಗಿ ಜ್ವರ ಶುರು. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬರೋ ಜ್ವರ ಅಂದ್ರೆ ನಮ್ಮ ಲ್ಯಾಬಿನವರಿಗೆಲ್ಲ ಇದರ ನೆನಪಾಗುತ್ತೆ. ವಿಪರೀತ ತಲೆನೋವು, ಪ್ಲೇಟ್‌ಲೆಟ್ ಇಳಿಯೋದು, ಲಿವರ್ ಎನ್‌ಜೈಮ್ ಏರೋದು, ಎಲ್ಲಾ ಇದಕ್ಕೆ ಹೊಂದುತ್ತೆ. ಡೆಂಗಿಗೂ ಹೊಂದುತ್ತೆ, ಅದಕ್ಕೇ ಡೆಂಗಿ ಐಜಿಎಂ, ಅಂದ್ರೆ ಸೋಂಕಾದಾಗ ಮೊದಲು ಹುಟ್ಟೋ ಆಂಟಿಬಾಡಿಯ ಟೆಸ್ಟು, ಬರೆದಿರೋದು. ಎನ್‌ಎಸ್1 ಅಂದ್ರೆ ಡೆಂಗಿ ವೈರಸ್ಸಿನದೇ ಒಂದು ಪ್ರೋಟೀನು, ಮೊದಲ ಐದು ದಿನದಲ್ಲಿ ಚೆನ್ನಾಗಿ ಸಿಗುತ್ತೆ. ಆರನೇ ದಿನ ನೆಗೆಟಿವ್ ಬಂತು ಅಂತ ಡೆಂಗಿ ಇಲ್ಲ ಅನ್ನೋಕಾಗಲ್ಲ.

ಒಂದು ಕೆಲಸ ನೀವೇ ಮಾಡಿ. ಬಾಗಿಲು ಹಾಕಿಕೊಂಡು, ಒಳ್ಳೇ ಬೆಳಕಲ್ಲಿ ಅಮ್ಮನ ಮೈಯೆಲ್ಲ ನೋಡಿ. ನುಸಿ ಕಚ್ಚಿದ ಕಡೆ ಬೀಡಿಯಲ್ಲಿ ಸುಟ್ಟ ಹಾಗೆ ಸಣ್ಣ ಕಪ್ಪು ಹಕ್ಕಳೆ, ಸುತ್ತ ಕೆಂಪು. ಅದಕ್ಕೆ ಎಸ್ಕಾರ್ ಅಂತಾರೆ. ನೋವೂ ಇರಲ್ಲ, ತುರಿಕೆಯೂ ಇರಲ್ಲ, ಹಾಗಾಗಿ ರೋಗಿಗೇ ಗೊತ್ತಿರಲ್ಲ. ನುಸಿ ಮರಿ ಮೈಮೇಲೆ ಹತ್ತಿ ಬಟ್ಟೆ ಬಿಗಿಯಾಗಿರೋ ಕಡೆ ನಿಂತುಬಿಡುತ್ತೆ: ಲಂಗದ ಲಾಡಿ ಕಟ್ಟೋ ಜಾಗ, ಸ್ತನದ ಕೆಳಗೆ, ಕಂಕುಳು, ತೊಡೆಸಂದಿ, ಗಂಡಸರಿಗೆ ಉಡುದಾರದ ಕೆಳಗೆ. ಸಂಕೋಚಕ್ಕೆ ಡಾಕ್ಟರಿಗೆ ತೋರಿಸದೇ ಇರೋ ಜಾಗಗಳೇ ಇವೆಲ್ಲ. ಸಿಕ್ಕರೆ ಕೀಳಬೇಡಿ, ಡಾಕ್ಟರಿಗೆ ತೋರಿಸಿ, ಆ ಹಕ್ಕಳೆಯಿಂದಲೇ ಪಿಸಿಆರ್, ಅಂದ್ರೆ ರೋಗಾಣುವಿನ ಡಿಎನ್‌ಎ ಹುಡುಕೋ ಟೆಸ್ಟು, ಮಾಡಬಹುದು. ಸಿಗದಿದ್ರೆ ಸ್ಕ್ರಬ್ ಅಲ್ಲ ಅಂತಲ್ಲ, ಬಹಳ ಜನರಲ್ಲಿ ಇರೋದೇ ಇಲ್ಲ.

ಇಷ್ಟೊಂದು ಒತ್ತಿ ಹೇಳೋಕೆ ಕಾರಣ ಇದೆ. ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್ ಎರಡೂ ಸ್ಕ್ರಬ್ ಮೇಲೆ ಕೆಲಸ ಮಾಡಲ್ಲ. ಅದಕ್ಕೆ ಬೇಕಾದ್ದು ಡಾಕ್ಸಿಸೈಕ್ಲಿನ್, ಇಲ್ಲವೇ ಅಜಿಥ್ರೊಮೈಸಿನ್. ಎರಡೂ ದುಬಾರಿ ಔಷಧಿಯೇನಲ್ಲ. ತಡ ಆದ್ರೆ ಶ್ವಾಸಕೋಶ, ಕಿಡ್ನಿ, ಮೆದುಳಿಗೆ ಹೋಗುತ್ತೆ. ಮಾರೇನಹಳ್ಳಿಯವರು ಹೇಳಿದ್ದು ಸುಳ್ಳಲ್ಲ, ಟೈಫಾಯ್ಡ್ ಜ್ವರ ಸರಿಯಾದ ಔಷಧಿಯಲ್ಲೂ ನಾಲ್ಕೈದು ದಿನ ಹಿಡಿಯುತ್ತೆ. ಆದರೆ ಟೈಫಾಯ್ಡ್ ಅಂತಲೇ ಖಚಿತ ಆಗದಿರುವಾಗ ಆ ನಾಲ್ಕೈದು ದಿನ ಸುಮ್ಮನೆ ಕಾಯೋದು ಅಪಾಯ.

ಉತ್ತರ: ಬಸವೇಶ್ವರನಗರ ಫಾರ್ಮಾ

ಅಕ್ಕ ಹೇಳಿದ್ದು ಸರಿ. ಮೆಡಿಕಲ್ ಸ್ಟೋರಿನಲ್ಲಿ ಕೂತು ನೋಡ್ತಿರ್ತೀನಿ, ವೈಡಲ್ ರಿಪೋರ್ಟ್ ಹಿಡ್ಕೊಂಡು ಬಂದು ಚೀಟಿ ಇಲ್ಲದೇ ಆಂಟಿಬಯಾಟಿಕ್ ಕೇಳ್ತಾರೆ. ಒಂದು ಅನುಮಾನ: ಸ್ಕ್ರಬ್‌ಗೆ ಡಾಕ್ಸಿ, ಅಜಿಥ್ರೊ ಎರಡನ್ನೂ ಒಟ್ಟಿಗೆ ಕೊಡೋದು ಶುರುವಾಗಿದೆ ಅಂತ ಕೇಳಿದ್ದೆ, ಹೌದಾ?

ಉತ್ತರ: ಕಲ್ಚರ್ ಬಾಟಲಿ

ಹೌದು, ಆದರೆ ಎಲ್ಲರಿಗೂ ಅಲ್ಲ. ಅದು ತೀವ್ರವಾದ ಸ್ಕ್ರಬ್‌ಗೆ, ಅಂದ್ರೆ ಅಂಗಾಂಗ ಕೆಟ್ಟು ಒದ್ದಾಡೋ ರೋಗಿಗಳಿಗೆ, ಅದೂ ರಕ್ತನಾಳಕ್ಕೆ ಕೊಡೋ ಇಂಜೆಕ್ಷನ್. ವೆಲ್ಲೂರಿನ ಸಿಎಂಸಿಯವರ ಮುಂದಾಳತ್ವದಲ್ಲಿ ಭಾರತದ 7 ಆಸ್ಪತ್ರೆಗಳಲ್ಲಿ ಸುಮಾರು 800 ಜನರ ಮೇಲೆ ಮಾಡಿದ ಟ್ರಯಲ್ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಸಾವು, 7ನೇ ದಿನವೂ ಉಳಿದ ತೊಡಕು, 5ನೇ ದಿನವೂ ಬಿಡದ ಜ್ವರ, ಇವುಗಳಲ್ಲಿ ಯಾವುದಾದರೂ ಒಂದು ಆದವರು ಎರಡೂ ಔಷಧಿ ತಗೊಂಡವರಲ್ಲಿ 33 ಪರ್ಸೆಂಟ್, ಒಂದೇ ಔಷಧಿಯವರಲ್ಲಿ 47-48 ಪರ್ಸೆಂಟ್. ಸಾವನ್ನಷ್ಟೇ ಬೇರೆ ಮಾಡಿ ನೋಡಿದ್ರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಿದ್ದರೂ ಬೇಗ ಚೇತರಿಸಿಕೊಳ್ಳೋದು ಸಣ್ಣ ಮಾತಲ್ಲ. ನಮ್ಮ ಪಕ್ಕದ ರಾಜ್ಯದವರು, ನಮ್ಮಂಥವರದ್ದೇ ರೋಗಕ್ಕೆ ಇಂಥ ಉತ್ತರ ಹುಡುಕಿಕೊಟ್ಟಿದ್ದು ನನಗೆ ತುಂಬ ಹೆಮ್ಮೆ.

ಉತ್ತರ: ಕೆಂಗೇರಿ ಉಪನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಅಕ್ಕನ ಉತ್ತರ ಓದಿ ಹೇಳಿದೆ, ತಾನೇ ಕೌಂಟರಿಗೆ ಹೋಗಿ ಟೆಸ್ಟಿಗೆ ದುಡ್ಡು ಕಟ್ಟಿ ಬಂದ. ಮೈಯೆಲ್ಲ ನೋಡಿದೆ, ಹಕ್ಕಳೆ ಎಲ್ಲೂ ಸಿಗಲಿಲ್ಲ. ಹೊಲಕ್ಕೆ ಹೋಗಿದ್ದ ವಿಷಯ ಡಾಕ್ಟರಿಗೆ ಹೇಳಿದ್ವಿ, ಅವರು ರಿಪೋರ್ಟಿಗೆ ಕಾಯದೇ ಅವತ್ತೇ ಡಾಕ್ಸಿ ಶುರು ಮಾಡಿದ್ರು. ಸ್ಕ್ರಬ್ ಐಜಿಎಂ ಪಾಸಿಟಿವ್, ಡೆಂಗಿ ಐಜಿಎಂ ನೆಗೆಟಿವ್. ಕಲ್ಚರ್‌ನಲ್ಲಿ ಇಲ್ಲಿವರೆಗೆ ಏನೂ ಬೆಳೆದಿಲ್ಲವಂತೆ. ಮಾರನೇ ದಿನ ರಾತ್ರಿ ಚಳಿ ಬರಲಿಲ್ಲ. ಇವತ್ತು ಬೆಳಿಗ್ಗೆ 98.6. ಕಾಫಿ ಕೇಳಿ ಕುಡಿದ್ರು. ಇನ್ನೇನು ನೋಡ್ಕೋಬೇಕು ಅಕ್ಕ?

ಉತ್ತರ: ಕಲ್ಚರ್ ಬಾಟಲಿ

ಓದಿ ಬಹಳ ಸಂತೋಷ ಆಯ್ತಮ್ಮ. ಸ್ಕ್ರಬ್ ಐಜಿಎಂ ಕೂಡ ಆಂಟಿಬಾಡಿ ಟೆಸ್ಟೇ, ಹಿಂದೆ ಬಂದು ಹೋದದ್ದೂ ತಿಂಗಳುಗಟ್ಟಲೆ ಪಾಸಿಟಿವ್ ತೋರಿಸಬಹುದು. ಆದರೆ ಇಲ್ಲಿ ಹೊಲ, ಪ್ಲೇಟ್‌ಲೆಟ್, ಲಿವರ್, ಡಾಕ್ಸಿ ಬಿದ್ದ ಎರಡು ದಿನದೊಳಗೆ ಜ್ವರ ಬಿಟ್ಟಿದ್ದು, ಎಲ್ಲಾ ಒಂದೇ ಕಡೆ ಬೊಟ್ಟು ಮಾಡ್ತಿದೆ.

ಜ್ವರ ಬಿಡ್ತು ಅಂತ ಡಾಕ್ಸಿ ಮಧ್ಯದಲ್ಲಿ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಿ. ಮಾತ್ರೆಗೆ ಶಿಫ್ಟ್ ಮಾಡಿದಾಗ ದೊಡ್ಡ ಲೋಟ ನೀರಿನಲ್ಲಿ ನುಂಗಿಸಿ, ಅರ್ಧ ಗಂಟೆಯಾದರೂ ಮಲಗೋಕೆ ಬಿಡಬೇಡಿ, ಅನ್ನನಾಳ ಸುಟ್ಟ ಹಾಗೆ ಆಗುತ್ತೆ. ಕ್ಯಾಲ್ಷಿಯಂ, ಐರನ್ ಮಾತ್ರೆ, ಆಂಟಾಸಿಡ್ ಅದೇ ಹೊತ್ತಿಗೆ ಬೇಡ. ಜ್ವರದಲ್ಲಿ ಶುಗರ್ ಏರುಪೇರಾಗಿರುತ್ತೆ, ಡಿಸ್ಚಾರ್ಜ್‌ಗೆ ಮುಂಚೆ ಪ್ಲೇಟ್‌ಲೆಟ್ ಜೊತೆ ಅದನ್ನೂ ನೋಡಿಸಿ. ಕಲ್ಚರ್‌ನ ಕೊನೇ ರಿಪೋರ್ಟ್ ಐದು ದಿನಕ್ಕೆ ಬರುತ್ತೆ, ಕೇಳಿ ಇಸ್ಕೊಳ್ಳಿ.

ಆಮೇಲೆ ಊರಿಗೆ ಇವತ್ತೇ ಫೋನ್ ಮಾಡಿ. ಅಮ್ಮನ ಜೊತೆ ಅದೇ ಹೊಲದಲ್ಲಿ ರಾಗಿ ಕೊಯ್ದ ಯಾರಿಗಾದ್ರೂ ಜ್ವರ ಇದ್ರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ‘ನಮ್ಮ ಜೊತೆ ಕೊಯ್ಲಿಗೆ ಬಂದವರಿಗೆ ಸ್ಕ್ರಬ್ ಬಂದಿದೆ’ ಅಂತ ಬಾಯಿಬಿಟ್ಟು ಹೇಳಲಿ.