ಪದಚರ್ಚೆ: ‘ಸಣ್ಣ ಭಾಷಾ ಮಾದರಿ’ – ಸಣ್ಣದು ಭಾಷೆಯೋ, ಮಾದರಿಯೋ?

ರಾಯಚೂರು ಜಿಲ್ಲೆಯ ಸಿಂಧನೂರಿನ ಗೆಳೆಯರು ಕಾರ್ಯಾಗಾರದ ಬ್ಯಾನರನ್ನು ನಾಳೆಯೇ ಪ್ರಿಂಟಿಗೆ ಕೊಡಬೇಕಂತೆ. ಇಂಗ್ಲಿಷಿನ ‘ಸ್ಮಾಲ್ ಲ್ಯಾಂಗ್ವೇಜ್ ಮಾಡೆಲ್’ಗೆ, ಅಂದರೆ ಬರಹಗಳಿಂದ ಭಾಷೆ ಕಲಿತು ಕೇಳಿದ್ದಕ್ಕೆ ಉತ್ತರ ಕೊಡುವ ಚಿಕ್ಕ ಎಐ ವ್ಯವಸ್ಥೆಗೆ, ಕನ್ನಡದಲ್ಲಿ ಏನನ್ನಬೇಕು ಎಂದು ಕೇಳಿದ್ದಾರೆ. ಅದಕ್ಕೆ ಮೊದಲು ಉತ್ತರ: ‘ಭಾಷೆಯ ಸಣ್ಣ ಮಾಡೆಲ್’ ಎಂದು ಬರೆಸಿ.

‘ಸಣ್ಣ ಭಾಷಾ ಮಾದರಿ’ ಬೇಡ. ಅಲ್ಲಿ ‘ಸಣ್ಣ’ ಹೋಗಿ ಭಾಷೆಗೆ ಅಂಟಿಕೊಳ್ಳುತ್ತದೆ. ಓದಿದವರು ಕನ್ನಡವೇ ಸಣ್ಣ ಭಾಷೆ ಅಂದುಕೊಳ್ಳುತ್ತಾರೆ. 2011ರ ಜನಗಣತಿಯಲ್ಲಿ ಸುಮಾರು 4.35 ಕೋಟಿ ಜನ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದ್ದಾರೆ, ಇದು ಸಣ್ಣ ಭಾಷೆಯಾ? ಸಣ್ಣದಾಗಿರುವುದು ಮಾಡೆಲಿನ ಪ್ಯಾರಾಮೀಟರ್ ಲೆಕ್ಕ, ಅಂದರೆ ಕಲಿಯುವಾಗ ಅದು ತನ್ನೊಳಗೆ ಹೊಂದಿಸಿಕೊಳ್ಳುವ ಸಂಖ್ಯೆಗಳು ಎಷ್ಟಿವೆ ಎಂಬುದು. 2020ರ ಜಿಪಿಟಿ-3 ಎಂಬ ದೊಡ್ಡ ಮಾಡೆಲಿನಲ್ಲಿ ಅವು 17,500 ಕೋಟಿ. ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದು 2024ರಲ್ಲಿ ಬಂದ ಸಣ್ಣ ಮಾಡೆಲ್ ಸರ್ವಂ-1ರಲ್ಲಿ 200 ಕೋಟಿ.

‘ಸಣ್ಣ’ ಅಚ್ಚಗನ್ನಡ, ‘ಭಾಷಾ’ ಸಂಸ್ಕೃತ, ಹಾಗಾಗಿ ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳನ್ನು ಕೂಡಿಸುವ ದೋಷ) ಎಂದು ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ‘ಸಣ್ಣ’ ಅಚ್ಚಗನ್ನಡ ಅನ್ನುವುದೇ ತಪ್ಪು. ಅದು ಸಂಸ್ಕೃತದ ‘ಶ್ಲಕ್ಷ್ಣ’ದಿಂದ, ಪ್ರಾಕೃತದ ‘ಸಣ್ಹ’ದ ದಾರಿಯಲ್ಲಿ ಬಂದ ತದ್ಭವ. ಇನ್ನು ಅಚ್ಚಗನ್ನಡದಲ್ಲಿ ಕಟ್ಟಿದ ‘ಕಿರುನುಡಿಯಚ್ಚು’ ಅಂತೂ ಬೇಡವೇ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದುವವರಿಗೆ ಏನೂ ತಿಳಿಯುವುದಿಲ್ಲ.

‘ಮಾಡೆಲ್’ ಇಂಗ್ಲಿಷ್ ಎಂಬ ತಕರಾರೂ ಇದೆ. ‘ತಕರಾರು’ ಯಾವ ಭಾಷೆಯದು ಸ್ವಾಮಿ? ಅದೂ ಅರಬಿ-ಪಾರಸಿ ಕಡೆಯಿಂದ ಬಂದದ್ದೇ. ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಅರ್ಜಿ, ಜಮೀನು, ತಹಶೀಲ್ದಾರ, ಇವನ್ನೆಲ್ಲ ತೆಗೆದರೆ ನಮ್ಮಲ್ಲಿ ಹೊಲದ ವ್ಯವಹಾರವನ್ನೇ ಮಾತಾಡಲಾಗದು. ಅವು ನಮ್ಮವೇ ಆಗಿವೆ. ಮಾಡೆಲ್ ಕೂಡ ಆಗಲಿ ಬಿಡಿ.

ಪದಕ್ಕಿಂತ ನನಗೆ ಜಾಸ್ತಿ ಚಿಂತೆ ಇರುವುದು ಆ ಮಾಡೆಲ್ ಯಾರ ಕನ್ನಡ ಕಲಿಯುತ್ತದೆ ಎಂಬುದರ ಬಗ್ಗೆ. ನಮ್ಮ ಕಡೆ ಸುಮ್ನೆ ‘ಜೋಳ’ ಅಂದರೆ ಬಿಳಿಜೋಳ, ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿ ರೊಟ್ಟಿ ಬಡಿಯುವಂಥದ್ದು. ಬೆಂಗಳೂರು ಕಡೆ ಎಷ್ಟೋ ಜನರಿಗೆ ಅದೇ ಮಾತು ಮುಸುಕಿನ ಜೋಳ, ನಾವು ಮೆಕ್ಕೆಜೋಳ ಅನ್ನುವುದು. ಆ ಕಡೆಯ ಬರಹವನ್ನಷ್ಟೇ ಉಣಿಸಿದರೆ, ಮಾನ್ವಿಯ ರೈತ ಜೋಳದ ಗೊಬ್ಬರ ಕೇಳಿದಾಗ ಮೆಕ್ಕೆಜೋಳದ ಲೆಕ್ಕ ಬಂದೀತು. ಎರಡೂ ಶುದ್ಧ ಕನ್ನಡವೇ, ಆದರೆ ಬೆಳೆ ಬೇರೆ! ಸಣ್ಣ ಮಾಡೆಲಿನ ಅನುಕೂಲ ಇರುವುದು ಇಲ್ಲೇ. ಕಡಿಮೆ ಖರ್ಚಿನಲ್ಲಿ ಅದಕ್ಕೆ ಮತ್ತೆ ಪಾಠ ಹೇಳಬಹುದು, ನೆಟ್ ಇಲ್ಲದೆಯೂ ಮೊಬೈಲಿನಲ್ಲಿ ಓಡಿಸಬಹುದು. ಪಾಠಕ್ಕೆ ಬೇಕಾದ ಮಾತನ್ನು ಮಾತ್ರ ನಾವೇ ಕೂಡಿಸಬೇಕು.

ಬ್ಯಾನರಿನಲ್ಲಿ ಜಾಗ ಇದ್ದರೆ ಇನ್ನೊಂದು ಸಾಲು ಹಾಕಿಸಿ: ಬರುವವರು ತಮ್ಮೂರಿನ ಬೆಳೆ, ರೋಗ, ಹುಳುಗಳ ಹೆಸರು ಬರೆದು ತರಲಿ. ಪ್ರತಿ ಪದದ ಮುಂದೆ ಊರು, ತಾಲೂಕು ಇರಲೇಬೇಕು.